ಗುಳುಮುಳುಕದ ಬೆನ್ನ ಮೇಲೆ ಎರಡು

ಸೆಪ್ಟೆಂಬರ್ 6, ಶನಿವಾರ. ಬೆಳಿಗ್ಗೆ 7.40

ಮತ್ತೆ ಮಸುಕು. ನಲವತ್ತು ಫೋಟೋ, ನಲವತ್ತೂ ದಂಡ. ಶಟರ್ 1/200ಕ್ಕೆ ಇಟ್ಟಿದ್ದೆ. ಈರೇಶ್ ಹೇಳಿಕೊಟ್ಟಿದ್ದು 1/2000. ಕಾರ್ಖಾನೆಯಲ್ಲಿ ಮೈಕ್ರಾನ್ ಲೆಕ್ಕದಲ್ಲಿ ಅಳತೆಯ ಗೇಜು ಪರೀಕ್ಷಿಸುವ ಮನುಷ್ಯ ನಾನು, ಒಂದು ಸೊನ್ನೆ ನುಂಗಿಬಿಟ್ಟೆ. ನಾಚಿಕೆಗೇಡು.

ಕ್ಯಾಮೆರಾ ಈರೇಶನದೇ. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಲ್ಯಾಬಿನಲ್ಲಿ ಪಕ್ಕದ ಟೇಬಲ್ಲಿನವನು. ಹಳೆಯ ಕ್ಯಾಮೆರಾ... ಬ್ಯಾಟರಿ ತೆಗೆದು ಹಾಕಿದಾಗಲೆಲ್ಲ ತಾರೀಖು ಹೊಂದಿಸಿ ಅನ್ನುತ್ತದೆ. ಹಕ್ಕಿ ಅಲ್ಲಿಯವರೆಗೆ ಕಾಯುತ್ತದೆಯೇ? ಕ್ಯಾನ್ಸಲ್.

ಬೇಗೂರಿನ ನಮ್ಮ ಬಡಾವಣೆಯ ಹಿಂದೆ ಸೀಗೆಕಟ್ಟೆ ಕೆರೆ. ಅಲ್ಲಿ ತೇಲುವ ಕಳೆಯ ಮೇಲೆ ಗುಳುಮುಳುಕ ಗೂಡು ಕಟ್ಟಿದೆ. ಸಣ್ಣ ಕಂದು ಹಕ್ಕಿ, ನೋಡುತ್ತಿದ್ದಂತೆ ಮುಳುಗಿ ಮಾಯ. 19ಕ್ಕೆ ಕಳೆ ತೆಗೆಯುವ ಯಂತ್ರ ಬರುತ್ತದಂತೆ. ಕೆರೆ ಕಚೇರಿಯವರು ಬೋರ್ಡ್ ನೆಟ್ಟಿದ್ದಾರೆ. ಗೂಡೂ ಕಳೆಯೇ ಅವರಿಗೆ.

ಸೆಪ್ಟೆಂಬರ್ 9, ಮಂಗಳವಾರ

ಕೆರೆ ಕಚೇರಿಗೆ ಹೋಗಿದ್ದೆ. ಇಂಜಿನಿಯರ್ ಸುಮಂಗಲಾ ಮೇಡಂ. ಕೆಟ್ಟವರಲ್ಲ. ಕೆಲಸ ನಿಲ್ಲಿಸಲು ಹಳೇ ಫೋಟೋ ತಂದವರಿಂದ ಎರಡು ಸಲ ಮೋಸ ಹೋಗಿದ್ದಾರಂತೆ. ನನ್ನ ಫೋನಿನ ಫೋಟೋದಲ್ಲಿ ಬರೀ ಚುಕ್ಕೆ.

“ಇದು ಹಕ್ಕೀನೋ ಚೆಂಡೋ ಹೇಗ್ ಹೇಳ್ಲಿ? ಮರಿ ಕಾಣ್ಬೇಕು. ಈಗಿನ ಫೋಟೋ ಅಂತ ಗೊತ್ತಾಗ್ಬೇಕು. ತನ್ನಿ, ಒಂದು ತಿಂಗ್ಳು ಮುಂದಕ್ಕೆ ಹಾಕ್ತೀನಿ.”

ಹತ್ತು ದಿನ ಇದೆ. ಮೊಟ್ಟೆ ಇನ್ನೂ ಒಡೆದಿಲ್ಲ.

ಸೆಪ್ಟೆಂಬರ್ 14, ಭಾನುವಾರ. 6.30

ಶಟರ್ 1/2000. ISO ಆಟೋ. ಫೋಕಸ್ ಬಿಡದೆ ಹಿಂಬಾಲಿಸುವ ಹಾಗೆ. ಕ್ಲಿಕ್ ಸದ್ದಿಗೇ ಹಕ್ಕಿ ಮುಳುಗುತ್ತಿತ್ತು, ಈಗ ಸೈಲೆಂಟ್ ಮಾಡಿದ್ದೇನೆ. ಹೊಟ್ಟೆಯ ಮೇಲೆ ಮಲಗಿ ತೆಗೆಯಬೇಕು. ಅಂಗಿಯೆಲ್ಲ ಕೆಸರು, ಗೇಟಿನಲ್ಲಿ ವಾಚ್‌ಮನ್ ಹನುಮಯ್ಯ ಬಿದ್ದಿರಾ ಸಾರ್ ಎಂದು ಕೇಳಿದ.

ಗೂಡು ಬಿಟ್ಟು ಇಳಿಯುವ ಮುಂಚೆ ಹಕ್ಕಿ ಕಳೆ ಎಳೆದು ಮೊಟ್ಟೆ ಮುಚ್ಚುತ್ತದೆ. ಎಷ್ಟು ಅವಸರವಿದ್ದರೂ.

ಸೆಪ್ಟೆಂಬರ್ 17, ಬುಧವಾರ. 6.55

ಎರಡು! ತಾಯಿಯ ಬೆನ್ನ ಮೇಲೆ, ರೆಕ್ಕೆಯೊಳಗಿಂದ ಎರಡು ಪಟ್ಟೆಪಟ್ಟೆ ತಲೆ. ಫೋಟೋದಲ್ಲಿ ಕಣ್ಣಿನ ಹೊಳಪೂ ಬಂದಿದೆ. ದಾರಿಯುದ್ದಕ್ಕೂ ಒಬ್ಬನೇ ನಗುತ್ತ ಬಂದೆ.

ಸೆಪ್ಟೆಂಬರ್ 18, ಗುರುವಾರ. ಸಂಜೆ 6.00

ಹಾಳಾಗಿ ಹೋಯಿತು. ಹಾಳು ಮಾಡಿದವನು ನಾನೇ.

ಮೇಡಂ ಫೋಟೋ ಹಿಗ್ಗಿಸಿ ನೋಡಿದರು, ನಕ್ಕರು. ಆಮೇಲೆ ಫೈಲಿನ ವಿವರ ತೆರೆದರು. 2018, ಜನವರಿ 1. ಕ್ಯಾನ್ಸಲ್ ಒತ್ತಿದಾಗಲೆಲ್ಲ ಕ್ಯಾಮೆರಾ ತನ್ನ ಮೊದಲ ದಿನಕ್ಕೆ ಹೋಗಿ ಕೂರುತ್ತಿತ್ತು. ಪ್ರತಿ ಗೇಜಿಗೂ ತಾರೀಖಿನ ಚೀಟಿ ಅಂಟಿಸುವುದೇ ಹನ್ನೊಂದು ವರ್ಷದಿಂದ ನನ್ನ ಕೆಲಸ!

ಈಗಲೇ ತಾರೀಖು ಸರಿಮಾಡಿ ಬೇರೆ ತೆಗೆಯುತ್ತೇನೆ ಎಂದೆ. “ಡೇಟ್ ಯಾರ್ ಬೇಕಾದ್ರೂ ಸೆಟ್ ಮಾಡ್ಬಹುದು, ಪರಮಾನಂದ ಅವ್ರೇ.” ಎದ್ದುಬಿಟ್ಟರು. ನಾಳೆ ಮಧ್ಯಾಹ್ನದವರೆಗೆ ಮೀಟಿಂಗ್ ಅಂತೆ.

ಬರುವಾಗ ನೋಡಿದೆ. ಹಳದಿ ಯಂತ್ರ ಆಗಲೇ ಏರಿಯ ಮೇಲೆ ನಿಂತಿದೆ.

ಯಂತ್ರ... ಅದು ಫೋಟೋದಲ್ಲೇ ಇದ್ದರೆ? ಅದು ಬಂದಿರುವುದೇ ಇವತ್ತು.

ಸೆಪ್ಟೆಂಬರ್ 19, ಶುಕ್ರವಾರ. 6.40

ರಜೆ ಹಾಕಿದೆ. ಯಂತ್ರ ಓಡಿಸುವವನು ಮಲಕಪ್ಪ, ಸಿಂದಗಿ ಕಡೆಯವನು. ಎಲ್ಲ ಹೇಳಿದೆ, ಗೂಡು ತೋರಿಸಿದೆ. ಬಹಳ ಹೊತ್ತು ನೋಡಿದ.

“ನಿಲ್ಸಾಕ ನನ್ ಕೈಯಾಗಿಲ್ರೀ ಸರ. ಆ ತುದಿಯಿಂದ ಸುರು ಮಾಡ್ತೀನಿ. ಇಲ್ಲಿಗಿ ಬರಾಕ ಮಧ್ಯಾಹ್ನ ಆಕ್ಕೈತಿ.”

9.10

ಹಕ್ಕಿ ಬಂದರೂ ಹಿಂದಿನ ಯಂತ್ರ ಬರೀ ಹಳದಿ ಮಸುಕು. ಲೆನ್ಸಿನ ಕಿಂಡಿ f/5.6 ಇದ್ದರೆ ಆಗದು. f/11 ಇಟ್ಟರೆ ದೂರದ್ದೂ ಕಾಣುತ್ತದೆ, ಆದರೆ ಬೆಳಕು ಸಾಲದು. ಮೋಡ. ಶಟರ್ 1/500ಕ್ಕೆ ಇಳಿಸಿದೆ. ಇಂಜಿನ್ ಸದ್ದಿಗೆ ಹಕ್ಕಿ ಜೊಂಡಿನೊಳಗೆ ಸೇರಿಕೊಂಡಿದೆ. ಬಾ ತಾಯಿ.

10.35

ಸಿಕ್ಕಿತು. ತಾಯಿ, ಎರಡೂ ಮರಿ, ಹಿಂದೆ ಯಂತ್ರ, ಮಲಕಪ್ಪನ ಕೆಂಪು ಟವೆಲ್ ಸಹ. ಚಿತ್ರ ಕಾಳುಕಾಳಾಗಿದೆ, ಇರಲಿ. ಮೇಡಂಗೆ ಕಳಿಸಿದೆ.

ನೋಡಿಲ್ಲ.

11.50

ಇನ್ನೂ ನೋಡಿಲ್ಲ. ಆರು ಸಲ ಫೋನ್ ಮಾಡಿದೆ. ಯಂತ್ರ ಗೂಡಿಗೆ ಮೂವತ್ತು ಮಾರು ದೂರ. ಮಲಕಪ್ಪ ಎರಡು ಸಲ ಟೀ ಕುಡಿದ, ಯಂತ್ರದಲ್ಲಿ ಇಲ್ಲದ ಕಸ ಬಿಡಿಸಿದ. ಏರಿಯ ಮೇಲೆ ಅವನ ಸೂಪರ್‌ವೈಸರ್ ಬಂದು ನಿಂತಿದ್ದಾನೆ. ಇನ್ನು ಅವನೇನು ಮಾಡಿಯಾನು.

12.25

ಫೋನ್ ಬಂತು. ಇಂಜಿನ್ ಸದ್ದಿಗೆ ಏನೂ ಕೇಳಿಸಲಿಲ್ಲ. ಸುಮ್ಮನೆ ಕೈ ಎತ್ತಿದೆ. ನಾನಿನ್ನೂ ಹಲೋ ಅಂದಿರಲಿಲ್ಲ, ಮಲಕಪ್ಪ ಇಂಜಿನ್ ಆರಿಸಿಬಿಟ್ಟ.

“ಹಿಂದ್ಗಡೆ ಇರೋದು ನಮ್ ಮಿಷಿನ್ನೇ ಅಲ್ವಾ?” ಮೇಡಂ ಕೇಳಿದ್ದು ಇಷ್ಟೇ. ಹೌದು ಅಂದೆ. ಸೂಪರ್‌ವೈಸರನಿಗೆ ಫೋನ್ ಕೊಡಿ ಅಂದರು. ಒಂದು ತಿಂಗಳು ಮುಂದಕ್ಕೆ.

ಕೂತುಬಿಟ್ಟೆ. ನೀರು ಅಲುಗದೆ ನಿಂತಿದೆ. ತಾಯಿ ಜೊಂಡಿನಿಂದ ಹೊರಗೆ ಬಂತು. ಬೆನ್ನ ಮೇಲೆ ಒಂದು.

ಒಂದೇ.

ಬೆಳಿಗ್ಗೆ ಎರಡಿದ್ದವು. ಫೋಟೋದಲ್ಲಿ ಎರಡಿವೆ. ಮಲಕಪ್ಪನೂ ಇಳಿದು ಬಂದು ನೋಡುತ್ತಿದ್ದಾನೆ. ನಿನ್ನೆಯೇ ತಾರೀಖು ಸರಿಯಿದ್ದಿದ್ದರೆ ಈ ಯಂತ್ರ ನೀರಿಗೇ ಇಳಿಯುತ್ತಿರಲಿಲ್ಲ...

ತಾಳು. ಅಲ್ಲಿ, ಕಿತ್ತ ಕಳೆಯ ರಾಶಿಯ ಪಕ್ಕ, ನೀರು ಅಲುಗಿದ ಹಾಗಿದೆ. ಪಟ್ಟೆಪಟ್ಟೆ ತ—