ನಲವತ್ತು ನಿಮಿಷದ ಕೆಲಸ

ಮಾರ್ಚ್ ೧೪, ಗುರುವಾರ
ಮನೆಯಿಂದ

ಟೀಚರಮ್ಮನಿಗೆ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಆ ಮಾತು ಬರೆಯುವ ಹಕ್ಕು ನನಗೆ ಇನ್ನೂ ಉಳಿದಿದೆಯೋ ಇಲ್ಲವೋ ನೀನೇ ಹೇಳಬೇಕು. ಮಾತು ಕಳೆದುಕೊಂಡವರಿಗೆಲ್ಲ ಮಾತು ಕಲಿಸುತ್ತೀಯೆಂದು ನಿನ್ನ ರೋಗಿಗಳು ಇಟ್ಟ ಹೆಸರು ‘ಟೀಚರಮ್ಮ’. ಅದನ್ನು ಬರೆದರೆ ಯಾರ ತಕರಾರೂ ಇರಲಾರದು.

ನೀನು ಕೆಲಸ ಸಿಕ್ಕಿತೆಂದು ಆ ಊರಿಗೆ ಹೊರಟು ಹೋಗಿ ಹದಿಮೂರು ತಿಂಗಳಾಯಿತು. ಇಷ್ಟು ದಿನದಲ್ಲಿ ನಾನು ಕಳಿಸಿದ್ದು ಗ್ಯಾಸ್ ಪುಸ್ತಕ ಎಲ್ಲಿದೆ, ಬೀರುವಿನ ಬೀಗದ ಕೈ ಯಾವುದು ಎನ್ನುವಂಥ ನಾಲ್ಕಾರು ಮೆಸೇಜು. ಈಗ ಪತ್ರ ಬರೆಯಲು ಕಾರಣ ನಿನ್ನ ಹಳೇ ಲ್ಯಾಪ್‌ಟಾಪ್. ಈ ಪತ್ರದ ಜೊತೆ ಅದೂ ಬರುತ್ತದೆ. ಅದಕ್ಕೆ ಹೊಸ ಡ್ರೈವ್ ಹಾಕಿದ್ದೇನೆ.

ಹೋದ ತಿಂಗಳು ನನ್ನ ರಿಪೇರಿ ಅಂಗಡಿಗೆ ಒಬ್ಬ ಟೈಲರಮ್ಮ ಬಂದರು. ಬ್ಲೌಸಿನ ಡಿಸೈನುಗಳನ್ನೆಲ್ಲ ಇಟ್ಟುಕೊಂಡಿದ್ದ ಅವರ ಲ್ಯಾಪ್‌ಟಾಪ್ ಆಮೆಯಂತೆ ತೆವಳುತ್ತಿತ್ತು. ನೋಡಿದರೆ ನಿನ್ನದೇ ಮಾಡೆಲ್, ನಿನ್ನದೇ ಬೂದು ಬಣ್ಣ. ಅಗ್ಗದ ಮಾಲು, ಒಳಗೆ ತಿರುಗುವ ತಟ್ಟೆಯ ಹಳೇ ಹಾರ್ಡ್ ಡಿಸ್ಕ್. ತಿರುಪು ಬಿಚ್ಚಿ, ಅದನ್ನು ತೆಗೆದು, ಹೊಸ ಬಗೆಯ ಡ್ರೈವ್ ಕೂರಿಸಿದೆ. ಇದ್ದದ್ದನ್ನೆಲ್ಲ ಹಳೆಯದರಿಂದ ಹೊಸದಕ್ಕೆ ಇಳಿಸುವುದು ಯಂತ್ರದ ಪಾಡು. ನನ್ನ ಕೈಗೆ ಬಿದ್ದ ಕೆಲಸ ನಲವತ್ತು ನಿಮಿಷ. ಸಂಜೆ ಬಂದು ಆ ಹೆಂಗಸು ಆನ್ ಮಾಡಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಶುರುವಾಯಿತು. ‘ಅಯ್ಯೋ, ಇಷ್ಟೇನಾ ಕೆಲ್ಸ? ಇಷ್ಟಕ್ಕೆ ನಾನು ಒಂದು ವರ್ಷ ಒದ್ದಾಡಿದ್ನಾ?’ ಅಂದರು.

ನಾನು ನಗಲಿಲ್ಲ. ಶಟರ್ ಎಳೆದು ಮನೆಗೆ ಬಂದೆ. ನೀನು ಎರಡು ವರ್ಷ ಒದ್ದಾಡಿದ್ದೆ. ಬೆಳಿಗ್ಗೆ ಅದನ್ನು ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. ‘ರೀ, ನನ್ನದನ್ನೊಮ್ಮೆ ನೋಡ್ರೀ’ ಎಂದಾಗಲೆಲ್ಲ ‘ಈ ಭಾನುವಾರ’ ಎನ್ನುತ್ತಿದ್ದೆ. ನಿನಗೆಂದು ತಂದಿಟ್ಟ ಡ್ರೈವನ್ನು ಒಂದು ಸಲವಲ್ಲ, ಎರಡು ಸಲ ಗಿರಾಕಿಗಳ ಯಂತ್ರಕ್ಕೆ ಹಾಕಿಬಿಟ್ಟೆ. ಎರಡನೆಯ ಸಲದ್ದು ನಿನಗೆ ಗೊತ್ತೇ ಇಲ್ಲ. ನಿನ್ನ ಅಧ್ಯಯನಕ್ಕೆಂದು ಕೂಡಿಸಿದ್ದ ರೋಗಿಗಳ ದನಿಯ ರೆಕಾರ್ಡಿಂಗುಗಳ ಇನ್ನೊಂದು ಪ್ರತಿ ಮಾಡಿಕೊಡಿ ಎಂದು ನೀನು ಕೇಳಿದಾಗಲೂ ‘ಹೊಸದು ಹಾಕುವಾಗ ಎಲ್ಲ ಒಟ್ಟಿಗೇ ಮಾಡ್ತೀನಿ ಬಿಡು’ ಅಂದೆ. ಗಿರಾಕಿ ಕಾಯುವುದಿಲ್ಲ, ಮನೆಯವಳು ಕಾಯುತ್ತಾಳೆ. ನನ್ನ ಲೆಕ್ಕಾಚಾರ ಅಷ್ಟೇ ಇತ್ತು.

ಅದು ಕೈಕೊಟ್ಟ ದಿನ ನಿನಗೆ ನೆನಪಿರುತ್ತದೆ. ಮರೆಯುವಂಥದ್ದಲ್ಲ. ನೀನು ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದೆ. ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡಿದ್ದೆ. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ನಾನು ಅದನ್ನು ಕಿವಿಗೆ ಹಿಡಿದು, ಟಿಕ್ ಟಿಕ್ ಶಬ್ದ ಕೇಳಿ, ‘ಡಿಸ್ಕ್ ಸತ್ತಿದೆ. ಏನೂ ಸಿಗಲ್ಲ’ ಎಂದು ವಾಪಸ್ ಕೊಟ್ಟೆ. ಎಲ್ಲರೆದುರು ನೀನು ಒಂದೇ ಮಾತು ಕೇಳಿದೆ: ‘ಬಿಚ್ಚಿ ನೋಡಿದ್ರಾ?’ ‘ರಾತ್ರಿ ನೀನು ಮಲಗಿದ ಮೇಲೆ ಬಿಚ್ಚಿ ನೋಡಿದೆ, ಸತ್ತಿದೆ’ ಎಂದು ನಾನು ಮಾರನೆಯ ದಿನ ಹೇಳಿದೆ.

ಸುಳ್ಳು. ನಾನು ಬಿಚ್ಚಲಿಲ್ಲ. ಒಂದು ತಿರುಪನ್ನೂ ಮುಟ್ಟಲಿಲ್ಲ.

ಯಾಕೆ ಎಂದು ಈ ತಿಂಗಳೆಲ್ಲ ನನ್ನನ್ನೇ ಕೇಳಿಕೊಂಡಿದ್ದೇನೆ. ಕೆಲಸ ಜಾಸ್ತಿ ಇತ್ತು ಅನ್ನಬಹುದು, ಇತ್ತು ಕೂಡ. ಆದರೆ ನಿಜ ಅದಲ್ಲ. ಸತ್ತಿದೆ ಎಂದುಬಿಟ್ಟರೆ ಅದು ಯಾರ ತಪ್ಪೂ ಅಲ್ಲ. ಕಾಯಿಲೆ ಬಿದ್ದಿತ್ತು ಎಂದರೆ ಇಷ್ಟು ದಿನ ಡಾಕ್ಟರ್ ಎಲ್ಲಿದ್ದ ಎಂದು ಕೇಳುತ್ತಾರೆ. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಿನ್ನ ನಾಲ್ಕು ವರ್ಷದ ದುಡಿಮೆಯನ್ನು ಮಣ್ಣು ಮಾಡಿದೆ. ನೀನು ಬೇರೆ ಯಾರ ಹತ್ತಿರವೂ ಅದನ್ನು ತೋರಿಸಲಿಲ್ಲ. ಆಸ್ಪತ್ರೆಯ ದೊಡ್ಡ ಡಾಕ್ಟರು ಬೇರೆ ಕಡೆ ಕೇಳಿ ನೋಡಿ ಎಂದರೂ, ನಮ್ಮನೆಯವರು ಹೇಳಿದ ಮೇಲೆ ಮುಗೀತು ಅಂದೆಯಂತೆ. ಅದನ್ನು ನೀನೇ ನನಗೆ ಹೇಳಿದ್ದೆ, ಸಮಾಧಾನ ಮಾಡುವವಳ ಹಾಗೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಅದಾಗಿ ಹತ್ತು ದಿನಕ್ಕೆ ನಿನ್ನ ರೋಗಿ ಕಂಡಕ್ಟರ್ ತಾತನ ಹೆಂಡತಿ ನಮ್ಮ ಮನೆ ಬಾಗಿಲಿಗೆ ಬಂದದ್ದು. ಲಕ್ವ ಹೊಡೆದ ಮೇಲೆ ಆ ತಾತನ ಬಾಯಲ್ಲಿ ಉಳಿದಿದ್ದು ‘ರೈಟ್’ ಎಂಬ ಒಂದೇ ಮಾತು ಎಂದು ನೀನು ಹೇಳುತ್ತಿದ್ದೆ. ಹಸಿವಾದರೆ ರೈಟ್, ನೋವಾದರೆ ರೈಟ್, ಸಿಟ್ಟು ಬಂದರೆ ರೈಟ್ ರೈಟ್. ಹನ್ನೊಂದು ವಾರ ನೀನು ಮಾತಿಗೆ ರಾಗ ಹಾಕಿ ಹಾಕಿ ಕಲಿಸಿದ ಮೇಲೆ ಒಂದು ದಿನ ತಾತ ಹೆಂಡತಿಯನ್ನು ‘ಬಾರೇ ಇಲ್ಲಿ’ ಎಂದು ಕರೆದರು. ಆ ಹೊತ್ತಿಗೇ ಆಕೆ ಔಷಧಿ ತರಲು ಕೆಳಗೆ ಹೋಗಿದ್ದರು. ಮತ್ತೆ ಆ ಮಾತು ಬರಲಿಲ್ಲ. ನಾಲ್ಕು ದಿನಕ್ಕೆ ಎರಡನೇ ಹೊಡೆತ ಬಿದ್ದು ತಾತ ಹೋಗಿಬಿಟ್ಟರು. ‘ಆ ದನಿ ನಿನ್ನ ಪೆಟ್ಟಿಗೇಲಿ ಇದ್ಯಂತಲ್ಲಮ್ಮ, ಕೇಳಿಸು’ ಎಂದು ಆಕೆ ಬಂದಿದ್ದರು. ನೀನು ಬಾಗಿಲಲ್ಲೇ ಕೈ ಮುಗಿದು ಇಲ್ಲ ಅಂದೆ. ಆಕೆ ಅಂದ ಮಾತುಗಳನ್ನು ನಾನು ಒಳಗೆ ಕೂತು ಕೇಳಿಸಿಕೊಂಡೆ. ನೀನು ಊಟ ಬಿಟ್ಟೆ. ನಾನು ನಿನ್ನ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು, ದೊಡ್ಡ ಉಪಕಾರ ಮಾಡಿದವನಂತೆ ಎದ್ದು ಹೋದೆ.

ಟೈಲರಮ್ಮ ಬಂದು ಹೋದ ಮಾರನೆಯ ದಿನ ಭಾನುವಾರ. ಬೀರುವಿನಲ್ಲಿ ಬೆಡ್‌ಶೀಟುಗಳ ಕೆಳಗಿದ್ದ ನಿನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟೆ. ಬ್ಯಾಟರಿ ತೆಗೆದೆ. ಹದಿಮೂರು ತಿರುಪು, ಅದರಲ್ಲಿ ಎರಡು ರಬ್ಬರ್ ಕಾಲಿನ ಅಡಿಯಲ್ಲಿ ಅಡಗಿದ್ದವು. ಕೀಬೋರ್ಡಿನ ಸಂದಿಯಲ್ಲಿ ನಿನ್ನ ಒಂದು ಉದ್ದ ಕೂದಲು, ಬಿಸ್ಕತ್ತಿನ ಪುಡಿ. ಮೂಲೆಯ ತಗಡಿನ ಚೌಕಟ್ಟಿನಲ್ಲಿ ಡಿಸ್ಕ್ ಕೂತಿತ್ತು. ಅದನ್ನು ಹೊರತೆಗೆದು, ಕೇಬಲ್ ಹಚ್ಚಿ, ಅಂಗಡಿಯಿಂದ ತಂದಿದ್ದ ಕಂಪ್ಯೂಟರಿಗೆ ಜೋಡಿಸಿದೆ. ಮೊದಲು ಕೆಮ್ಮಿತು, ಆಮೇಲೆ ತಿರುಗತೊಡಗಿತು. ಪರದೆಯ ಮೇಲೆ ನಿನ್ನ ಫೋಲ್ಡರುಗಳು ಒಂದೊಂದಾಗಿ ಬಂದು ನಿಂತವು.  ಸಿಗಲಿಲ್ಲ ಎಂದಿದ್ದರೆ ನನಗೆ ಸುಲಭವಾಗುತ್ತಿತ್ತು, ನೋಡು. ಅಂಥ ಮನುಷ್ಯ ನಾನು.

ಕೆಟ್ಟ ಜಾಗಗಳನ್ನು ದಾಟಿಕೊಂಡು, ಮತ್ತೆ ಹಿಂತಿರುಗಿ ಬಂದು ಓದುವ ಒಂದು ಪ್ರೋಗ್ರಾಮ್ ಇದೆ. ಅದು ಮಂಗಳವಾರ ಮಧ್ಯಾಹ್ನದವರೆಗೂ ಓಡಿತು. ಇನ್ನೂರ ಹದಿನಾಲ್ಕರಲ್ಲಿ ನೂರಾ ತೊಂಬತ್ತಾರು ರೆಕಾರ್ಡಿಂಗು ಸಿಕ್ಕಿವೆ. ಉಳಿದ ಹದಿನೆಂಟು ನಿಜಕ್ಕೂ ಹೋಗಿವೆ. ಈ ಸಲ ಬಿಚ್ಚಿ ನೋಡಿಯೇ ಹೇಳುತ್ತಿದ್ದೇನೆ. ಆವತ್ತೇ ನೋಡಿದ್ದರೆ ಅವೂ ಸಿಗುತ್ತಿದ್ದವೇನೋ.

ರೋಗಿಗಳ ದನಿಯನ್ನು ಹೊರಗಿನವರು ಕೇಳಬಾರದು ಎಂದು ನೀನು ಹೇಳುತ್ತಿದ್ದುದು ಗೊತ್ತು. ಆದರೂ ಸರಿಯಾಗಿ ಬಂದಿವೆಯೋ ನೋಡುವ ನೆಪದಲ್ಲಿ ಕೆಲವನ್ನು ಕೇಳಿದೆ. ಮೂರು ನಾಲ್ಕು ನಿಮಿಷ ಬರೀ ಮೌನ, ನಡುವೆ ನಿನ್ನ ‘ಆತುರ ಇಲ್ಲ, ಇನ್ನೊಂದು ಸಲ’. ಮನೆಯಲ್ಲಿ ನಾನು ಟಿವಿ ನೋಡುತ್ತಾ ಯಾರಿಗೆ ‘ಬೇಗ ಹೇಳು’ ಎನ್ನುತ್ತಿದ್ದೆನೋ, ಅದೇ ಹೆಂಗಸು ಇವಳು. ಒಂದರಲ್ಲಿ ಯಾರೋ ಅಜ್ಜಿ ತಡವರಿಸುತ್ತಾ ನಿನ್ನ ಗಂಡ ಏನು ಮಾಡುತ್ತಾನೆ ಎಂದು ಕೇಳುತ್ತಾರೆ. ‘ಕೆಟ್ಟಿದ್ದನ್ನ ಸರಿ ಮಾಡ್ತಾರೆ ಅಜ್ಜಿ. ಹೇಳಿ ನೋಡೋಣ, ಸರಿ, ಮಾಡ್ತಾರೆ’ ಎನ್ನುತ್ತೀಯ. ಅಜ್ಜಿ ಆರು ಸಲ ಹೇಳುತ್ತಾರೆ. ಆರನೆಯ ಸಲ ಪೂರ್ತಿ ಸರಿಯಾಗಿ ಬರುತ್ತದೆ. ನೀನು ಚಪ್ಪಾಳೆ ತಟ್ಟುತ್ತೀಯ. ನಾನು ಅಲ್ಲಿಗೆ ನಿಲ್ಲಿಸಿದೆ. ಆಮೇಲೆ ಯಾವುದನ್ನೂ ಕೇಳಲಿಲ್ಲ, ತಾತನದ್ದೊಂದನ್ನು ಬಿಟ್ಟು.

ಅದನ್ನು ನಿನ್ನನ್ನು ಕೇಳದೆ ತಾತನ ಹೆಂಡತಿಯ ಮನೆಗೆ ತೆಗೆದುಕೊಂಡು ಹೋದೆ. ಕೇಳಬೇಕಿತ್ತು. ಕೇಳಿದ್ದರೆ ನಿನಗೆ ಎಲ್ಲ ಹೇಳಬೇಕಾಗುತ್ತಿತ್ತು, ಆ ಧೈರ್ಯ ಇನ್ನೂ ಬಂದಿರಲಿಲ್ಲ. ಮೂರನೆಯ ಮಹಡಿ. ಆಕೆ ಬಾಲ್ಕನಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳಿದ ಕೂಡಲೇ ಮುಖ ಗಂಟಾಯಿತು. ಏನೂ ವಿವರಿಸದೆ ರೆಕಾರ್ಡಿಂಗು ಹಾಕಿದೆ. ನಿನ್ನ ರಾಗ ಬಂತು, ತಾತನ ಎರಡು ‘ರೈಟ್’ ಬಂತು, ಆಮೇಲೆ ‘ಬಾರೇ ಇಲ್ಲಿ’.

ಆಕೆ ತಟ್ಟನೆ ಎದ್ದು ನಿಂತರು, ಒಳಗಿನಿಂದ ಯಾರೋ ಕರೆದ ಹಾಗೆ. ಮಡಿಲಲ್ಲಿದ್ದ ಬಟಾಣಿಯೆಲ್ಲ ನೆಲದ ಪಾಲಾಯಿತು. ಮತ್ತೆ ಕೂತರು. ‘ಇನ್ನೊಂದ್ಸಲ ಹಾಕಪ್ಪಾ’ ಅಂದರು. ಎಷ್ಟು ಸಲ ಹಾಕಿದೆನೋ ಗೊತ್ತಿಲ್ಲ. ಕೊನೆಗೆ ಕೇಳಿದರು, ‘ಆವತ್ತು ಇಲ್ಲ ಅಂದ್ರಲ್ಲ, ಈಗೆಲ್ಲಿಂದ ಬಂತು?’

‘ಆವತ್ತು ನಾನು ಹುಡುಕ್ಲೇ ಇಲ್ಲಮ್ಮ’ ಎಂದೆ. ಈ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

ಆಕೆ ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ‘ಆ ಹುಡುಗಿ ಉಡಾಫೆ ಮಾಡಿ ಕಳೆದಳು ಅಂತ ಕಂಡಕಂಡವರ ಹತ್ರ ಹೇಳಿದೆನಲ್ಲಪ್ಪ. ಆಸ್ಪತ್ರೆಗೂ ಹೋಗಿ ಹೇಳಿದೆ’ ಎಂದು ಹಣೆ ಹಿಡಿದುಕೊಂಡರು. ಆಸ್ಪತ್ರೆಯವರು ನಿನ್ನ ಅಧ್ಯಯನವನ್ನು ನಿಲ್ಲಿಸಿದ್ದು ಆ ದೂರಿನ ಮೇಲೆ ಎಂದು ನನಗೆ ಆಗ ಗೊತ್ತಾಯಿತು. ನೀನು ಒಂದು ದಿನವೂ ಅದನ್ನು ನನಗೆ ಹೇಳಲಿಲ್ಲ. ಊರು ಬಿಡುವಾಗಲೂ ‘ಅಲ್ಲಿ ಕೆಲಸ ಚೆನ್ನಾಗಿದೆ’ ಎಂದಷ್ಟೇ ಅಂದೆ. ನಾನೂ ‘ಹೋಗಿ ಬಾ’ ಅಂದೆ, ನೆಂಟರ ಮನೆಗೆ ಕಳಿಸುವ ಹಾಗೆ.

ಆಕೆ ನಿನ್ನ ನಂಬರು ಕೇಳಿದರು. ನಿನ್ನನ್ನು ಕೇಳಿ ಕೊಡುತ್ತೇನೆ ಎಂದಿದ್ದೇನೆ. ಕೊಡಲೇ? ‘ಹಾಂ’ ಅಥವಾ ‘ಇಲ್ಲ’, ಒಂದು ಮಾತು ಸಾಕು.

ಆಸ್ಪತ್ರೆಯ ದೊಡ್ಡ ಡಾಕ್ಟರಿಗೂ ಹೋಗಿ ನಡೆದದ್ದನ್ನು ಹೇಳಿ, ಬರೆದೂ ಕೊಟ್ಟಿದ್ದೇನೆ. ಅದರ ನಕಲು ಈ ಕವರಿನಲ್ಲಿದೆ. ಅಧ್ಯಯನ ಮತ್ತೆ ಶುರು ಮಾಡುವುದು ಕಷ್ಟ, ಆ ಜಾಗಕ್ಕೆ ಬೇರೆಯವರು ಬಂದಿದ್ದಾರೆ ಎಂದರು. 

ವಾಪಸ್ ಬಾ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ನೀನು ನಂಬಿ ನಡೆದ ಮಾತು ಸುಳ್ಳಾಗಿತ್ತು ಎಂದು ನಿನಗೆ ಗೊತ್ತಿರಬೇಕು, ಅಷ್ಟೆ. ಲ್ಯಾಪ್‌ಟಾಪಿನ ಪಾಸ್‌ವರ್ಡ್ ಬದಲಾಯಿಸಿಲ್ಲ. ಎಲ್ಲ ರೆಕಾರ್ಡಿಂಗುಗಳ ಇನ್ನೊಂದು ಪ್ರತಿ ಕಪ್ಪು ಪೌಚಿನಲ್ಲಿದೆ. ನನ್ನ ಹತ್ತಿರ ಏನೂ ಇಟ್ಟುಕೊಂಡಿಲ್ಲ.

ಹುಷಾರಾಗಿರು.

ಇಂತಿ,
ತಡವಾಗಿ ಬಿಚ್ಚಿ ನೋಡಿದ
ನಿನ್ನ ಮನೆಯವನು

ವಿ.ಸೂ.: ಇದನ್ನು ಶನಿವಾರ, ನಿನ್ನ ಹೊಸ ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ, ಮುಗಿಸಿ ಅಲ್ಲಿನ ವಾಚ್‌ಮನ್ ಕೈಗೆ ಕೊಡುತ್ತೇನೆ. ಕೊರಿಯರಿಗೆ ಕೊಡಲು ಮನಸ್ಸಾಗದೆ ನಾನೇ ತಂದೆ. ನಿನ್ನ ಕೋಣೆಯ ಬಾಗಿಲವರೆಗೂ ಬಂದಿದ್ದೆ. ಬಾಗಿಲು ಅರ್ಧ ತೆರೆದಿತ್ತು. ಮೇಜಿನ ಮೇಲೆ ಹೊಸ ಲ್ಯಾಪ್‌ಟಾಪ್ ಇತ್ತು, ತೆಳ್ಳಗಿನದು. ನೀನು ಯಾರಿಗೋ ಏನೋ ಹೇಳಿಕೊಡುತ್ತಾ ಜೋರಾಗಿ ನಗುತ್ತಿದ್ದೆ. ಆ ನಗು ನಮ್ಮ ಮನೆಯಲ್ಲಿ ಕೇಳಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ. ಕೆಳಗೆ ವಾಚ್‌ಮನ್ ಕೈಗೆ ಲ್ಯಾಪ್‌ಟಾಪ್ ಕೊಟ್ಟಾಗ ಅವನು ಪುಸ್ತಕ ಮುಂದಿಟ್ಟು, ‘ಮೇಡಂಗೆ ನೀವು ಏನಾಗ್ಬೇಕು? ಆ ಕಾಲಂ ತುಂಬಿ ಸಾರ್’ ಅಂದ. ಪೆನ್ನು ಹಿಡಿದುಕೊಂಡೆ. ಹಿಂದೆ ಸಾಲು ಬೆಳೆಯಿತು. ಕೊನೆಗೆ ‘ರಿಪೇರಿಯವನು’ ಎಂದು ಬರೆದು ಬಂದಿದ್ದೇನೆ. ತಪ್ಪಾಗಿದ್ದರೆ ನೀನೇ ತಿದ್ದು.