ನೀರಿನೊಳಗಿನ ಎರಡು ಸಾಲು

ಅಕ್ಟೋಬರ್ 25, ಶನಿವಾರ

ಪ್ರೆಸ್ಸಿನಲ್ಲಿ ಇವತ್ತೂ ಲಗ್ನಪತ್ರಿಕೆಗಳ ಪ್ರೂಫ್. ಹದಿನಾಲ್ಕು. ಒಂದರಲ್ಲಿ ವರನ ಹೆಸರೇ ಬಿಟ್ಟುಹೋಗಿತ್ತು. ಹೇಳಲು ಮಾಲೀಕರ ಟೇಬಲ್ಲಿನವರೆಗೆ ಹೋದೆ, ಹಾಗೇ ವಾಪಸು ಬಂದೆ. ಚೀಟಿ ಬರೆದಿಟ್ಟೆ. ಎಂ.ಎ. ಮುಗಿದರೂ ಬಾಯಿ ಬಂದಿಲ್ಲ.

ವಿಜಯಪುರದಲ್ಲಿ ನಾಲ್ಕನೆಯ ದಿನದ ಮಳೆ. ಅರಬ್ಬಿ ಸಮುದ್ರದಲ್ಲಿ ಬಿರುಗಾಳಿಯಂತೆ. ದೀಪಾವಳಿಯ ರಂಗೋಲಿ ಬಾಗಿಲಲ್ಲಿ ಬಣ್ಣದ ಕೆಸರಾಗಿದೆ.

ಸಂಜೆ ಘೋಣಸಗಿಯಿಂದ ಶಿವಯೋಗೆಪ್ಪ ಮಾವನ ಫೋನ್. ಹೊಲದ ಹಳೆಯ ಮೆಟ್ಟಿಲು ಬಾವಿಯ ದುರಸ್ತಿ ಮುಗಿದಿದೆ. ಗೌರಿ ಹುಣ್ಣಿಮೆಗೆ ಪೂಜೆ. ಅಂದೇ ಒಂದು ಕಲ್ಲಿನ ಫಲಕ.

"ನಮ್ಮ ಮುತ್ಯಾ ಗುರುಸಂಗಪ್ಪ ಕಟ್ಟಿಸ್ಯಾನ ಅಂತ ಛಂದಂಗ ಎರಡ ಸಾಲು ಬರದ ಕೊಡವ್ವಾ. ಮನ್ಯಾಗ ಕನ್ನಡ ಕಲತಾಕಿ ನೀನ ಒಬ್ಬಾಕಿ."

ಹೂಂ ಅಂದೆ. ಮಾವನ ಅಜ್ಜನ ಹೆಸರಿಗೆ ಎರಡು ಸಾಲು ತಾನೆ.

ಅಕ್ಟೋಬರ್ 26, ಭಾನುವಾರ

ಬಾವಿ ನೋಡದೆ ಬರೆಯುವುದು ಹೇಗೆ ಎಂದು ಟಿಕೋಟಾ ಮೂಲಕ ಬಸ್ಸಿನಲ್ಲಿ ಘೋಣಸಗಿಗೆ ಹೋದೆ. ದ್ರಾಕ್ಷಿ ಸಾಲುಗಳ ನಡುವೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲು ಒಂದೊಂದು ಸೇರು ತೂಕ. ಹಳ್ಳದ ನೀರು ನುಗ್ಗಿ ಬಾವಿ ಕಪ್ಪು ಚಹಾದಂತಾಗಿತ್ತು.

ಮೆಟ್ಟಿಲ ಮೇಲೆ ಸೋನಾಬಾಯಿ ಕೂತಿದ್ದಳು. ಎಪ್ಪತ್ತು ದಾಟಿರಬೇಕು. ಫಲಕದ ಸುದ್ದಿ ಕೇಳಿ ಬಂದವಳು, ನನ್ನ ಜೊತೆಗಿದ್ದ ಮಾವನಿಗೆ ಹೇಳಿದಳು.

"ಗೌಡ್ರ, ಈ ಬಾಂವಿ ತೋಡಿದಾಕಿ ನಮ್ಮ ಆಯಿ, ಅವ್ವನ ಅವ್ವ, ಹುಲಿಗೆವ್ವ. ಆಕಿ ಹೆಸರ ಕಲ್ಲಮ್ಯಾಲ ಐತಿ. ನೀರ ಬತ್ತಿದ ವರ್ಷ ಹೂಳ ತಗಿಯಾಕ ಇಳದಾಗ ನಮ್ಮವ್ವ ಬಟ್ಟು ಮಾಡಿ ತೋರಿಸಿದ್ಲು."

"ನಿಮ್ಮವ್ವಗ ಓದಾಕ ಬರತಿತ್ತೇನು?" ಮಾವ ಕೇಳಿದರು.

"ಇಲ್ಲ. ಆದ್ರ ಆಕಿಗೆ ಆಕಿ ಅವ್ವ ತೋರಿಸಿದ್ಲು."

"ಹೆಸರ ಇದ್ರ ಹಾಕಸ್ತೇನಿ ಸೋನವ್ವಾ, ನನಗೇನ ಹೊಟ್ಟಿಕಿಚ್ಚಿಲ್ಲ. ಯಾರೂ ಓದಲಾರದ್ದನ್ನ ಹೆಂಗ ಕೆತ್ತಸಲಿ?"

"ಹೂಳ ತಗಿಯಾಕಷ್ಟ ನಮ್ಮನ್ನ ಇಳಸತಿದ್ರಿ. ಉಳದ ದಿನ ಮ್ಯಾಲ ನಿಂತು ಕೊಡಕ್ಕ ಹೊಯ್ಸ್ಕೋತಿದ್ವಿ."

ಜಗಳದ ದನಿಯಲ್ಲ. ಹವಾಮಾನ ಹೇಳಿದಂತೆ ಹೇಳಿದಳು. ಮಾವ ನೆಲ ನೋಡಿದರು.

ಕಾಲುವೆ ಬಂದ ಮೇಲೆ ಬಾವಿಯ ನೀರು ಇಳಿದಿಲ್ಲ. ಅವಳು ಹೇಳುವ ಗೋಡೆಯ ಕಲ್ಲು ಹತ್ತು ವರ್ಷದಿಂದ ನೀರಿನಲ್ಲಿದೆ. ನೀರೆತ್ತಲು ಮೋಟರ್ ಹಚ್ಚೋಣವೆಂದರೆ ಗಾಳಿಗೆ ಕರೆಂಟ್ ಕಂಬಗಳು ಬಿದ್ದಿವೆ. ಫಲಕ ಕೆತ್ತಲು ಬಬಲೇಶ್ವರದ ಬಾಬುಸಾಬ ಬರುವುದು ಸೋಮವಾರ, ಮೂರನೇ ತಾರೀಖು. ಅಷ್ಟರೊಳಗೆ ಯಾರಾದರೂ ಓದಬೇಕು.

ಆಗ ನೀರಿನಿಂದ ಒಂದು ತಲೆ ಎದ್ದಿತು. ಕಣ್ಣಿಗೆ ಗಾಜಿನ ಮುಖವಾಡ, ಬಾಯಲ್ಲಿ ವಕ್ರ ಕೊಳವೆ. ಹೆದರಿ ಎರಡು ಮೆಟ್ಟಿಲು ಹಿಂದೆ ಸರಿದೆ.

"ಅಕ್ಷರ ಅದಾವ. ಎರಡ ಸಾಲು. ಕೈಗೆ ಹತ್ತತಾವ, ಕಣ್ಣಿಗೆ ಏನೂ ಕಾಣವಲ್ದು" ಅಂದಳು. ಸೋನಾಬಾಯಿಯ ಮೊಮ್ಮಗಳು ಪೂನಮ.

ಅಕ್ಟೋಬರ್ 28, ಮಂಗಳವಾರ

ರಜೆ ಹಾಕಿ ಮಾವನ ಮನೆಯಲ್ಲೇ ಉಳಿದಿದ್ದೇನೆ.

ಪೂನಮ ಮಹಾರಾಷ್ಟ್ರದ ಕಡಲೂರು ಮಾಲವಣದಲ್ಲಿ ಪ್ರವಾಸಿಗಳಿಗೆ ಸ್ನಾರ್ಕೆಲಿಂಗ್ ಮಾಡಿಸುತ್ತಾಳಂತೆ. ಸಮುದ್ರದ ಮೇಲೆ ಮುಖ ಕೆಳಗೆ ಮಾಡಿ ತೇಲುತ್ತ ಮೀನು, ಹವಳ ತೋರಿಸುವ ಕೆಲಸ. ಬಿರುಗಾಳಿಗೆ ಬೋಟುಗಳು ಬಂದ್, ಊರಿಗೆ ಬಂದಿದ್ದಾಳೆ. ಈಜು ಕಲಿತದ್ದು ಕಳ್ಳಕವಟಗಿಯ ಬಾವಿಯಲ್ಲಿ, ಬೆನ್ನಿಗೆ ಎಣ್ಣೆ ಡಬ್ಬಿ ಕಟ್ಟಿಕೊಂಡು.

ಅವಳ ಕ್ರಮವೊಂದು ನೋಡಿದೆ. ಸ್ಟೀಲ್ ತಾಟಿಗೆ ಹಗ್ಗ, ಹಗ್ಗಕ್ಕೆ ಮೊಳಕ್ಕೊಂದು ಗಂಟು. ತಾಟನ್ನು ನೀರಿಗೆ ಇಳಿಬಿಟ್ಟು, ಅದು ಮಾಯವಾದಲ್ಲಿ ಗಂಟು ಎಣಿಸುತ್ತಾಳೆ.

"ಬಿರುಗಾಳಿ ಆದ್ಮ್ಯಾಲೆ ಸಮುದ್ರಾನೂ ಹಿಂಗ ರಾಡಿ ಆಗತೈತಿ. ದಿನಾ ತಾಟ ಬಿಡೂದು. ಐದ ಗಂಟ ಕಾಣೂತನಕ ಯಾರನ್ನೂ ಇಳಸಂಗಿಲ್ಲ. ಸಿಟ್ಟಾಗಲಿ, ಬೈಲಿ."

ಇವತ್ತು ಬಾವಿಯಲ್ಲಿ: ಅರ್ಧ ಗಂಟು. ನಾನೇ ಬರೆದುಕೊಂಡೆ. ಯಾರೂ ಹೇಳಿರಲಿಲ್ಲ.

ನೀವೇ ಓದಬಹುದಲ್ಲ ಎಂದು ಕೇಳಿದೆ. ಪೂನಮ ನಕ್ಕಳು. ಸಾಲಿ ಕಲಿತದ್ದು ಗಡಿಯಾಚೆಯ ಜತ್ತದಲ್ಲಿ, ಮರಾಠಿಯಲ್ಲಿ. ಮಾತು ಕನ್ನಡ, ಓದು ಮರಾಠಿ.

ಅಂದರೆ ಓದಬೇಕಾದವಳು... ಮುಂದೆ ಯೋಚಿಸಲಿಲ್ಲ.

ಅಕ್ಟೋಬರ್ 29, ಬುಧವಾರ. ಬೆಳಿಗ್ಗೆ 8

ತಾಟು ಒಂದೂವರೆ ಗಂಟು! ಪೂನಮ ಕಲ್ಲಿನ ಪಾಚಿಯನ್ನು ತೆಂಗಿನ ಜುಂಗಿನಿಂದ ತಿಕ್ಕಿ ಬಂದಳು. ಈಗ ಕದಡಿದ್ದು ಶುಕ್ರವಾರಕ್ಕೆ ತಿಳಿಯಾಗುತ್ತದೆ ಎಂದಳು. ಆತುರವೇ ಇಲ್ಲ ಅವಳಿಗೆ. ನೀರಿಗೆ ಸಮಯ ಕೊಡುವವರನ್ನು ಮೊದಲ ಸಲ ನೋಡುತ್ತಿದ್ದೇನೆ.

ಅದೇ ದಿನ, ಸಂಜೆ

ಬಾವಿ ಮಜ್ಜಿಗೆಯಂತೆ ಬೆಳ್ಳಗಾಗಿದೆ.

ಮಾವ ಎರಡು ಚೀಲ ಸುಣ್ಣ ಸುರಿಸಿದ್ದಾರೆ! ಹಳ್ಳದ ನೀರು ಹೊಕ್ಕ ಬಾವಿಗೆ ಸುಣ್ಣ ಹಾಕುವುದು ಅವರ ಮನೆಯ ವಾಡಿಕೆ. ಮುಖ ನೋಡಬೇಕಿತ್ತು, ಬಹುಮಾನ ಕೊಡಲು ನಿಂತವರಂತೆ.

"ನಿಮಗ ತಿಳಿ ನೀರ ಬೇಕಂದ್ರಲ್ಲಾ... ನಾನಽ ನಿಂತು ಹಾಕಸಿದೆ."

ಸೋನಾಬಾಯಿ ಹಣೆ ಬಡಿದುಕೊಂಡಳು. "ಯಪ್ಪಾ! ಇದ್ದ ಒಂದ ಹೆಸರಿಗೆ ಸುಣ್ಣಾ ಬಳದಿ."

ಪೂನಮ ಮಾತ್ರ ಬೈಯಲಿಲ್ಲ. ತಾಟು ಬಿಟ್ಟಳು. ನೀರು ಮುಟ್ಟುತ್ತಲೇ ಮಾಯ. "ಸೊನ್ನೆ ಬರಕೋರಿ ಅಕ್ಕಾ" ಅಂದಳು.

ಅಕ್ಟೋಬರ್ 31, ಶುಕ್ರವಾರ

ತಾಟು ಕಾಣುವುದು ಮುಕ್ಕಾಲು ಗೇಣು ಆಳದವರೆಗೆ. ಸೋಮವಾರಕ್ಕೆ ಬಹಳವೆಂದರೆ ಒಂದು ಗೇಣು ಅನ್ನುತ್ತಾಳೆ.

"ದೂರಿಂದ ಓದೂದ ಆಗಂಗಿಲ್ಲ. ಮೂಗ ಕಲ್ಲಿಗೆ ಹಚ್ಚಿ ಒಂದೊಂದಽ ಅಕ್ಷರ ನೋಡಬೇಕು. ನೀವಽ ಇಳೀಬೇಕು ಅಕ್ಕಾ."

ನನಗೆ ಈಜು ಬರುವುದಿಲ್ಲ ಅಂದೆ.

"ಮಾಲವಣಕ್ಕ ಬರೋ ನೂರ ಮಂದ್ಯಾಗ ತೊಂಬತ್ತ ಮಂದಿಗೆ ಬರಂಗಿಲ್ಲ. ನಾ ಹಿಡಿದಿರತೇನಿ."

ಅಭ್ಯಾಸ ದನಗಳ ತೊಟ್ಟಿಯಲ್ಲಿ. ಅವಳ ಇನ್ನೊಂದು ಮುಖವಾಡದ ಗಾಜಿನೊಳಗೆ ಉಗುಳಿ ಒರೆಸಬೇಕಂತೆ, ಇಲ್ಲದಿದ್ದರೆ ಮಂಜು ಹಿಡಿಯುತ್ತದೆ. ನನಗೆ ಉಗುಳಲೂ ನಾಚಿಕೆ. "ಉಗಳ್ರಿ, ಎಮ್ಮಿ ಬಿಟ್ರ ಯಾರೂ ನೋಡಾಕತ್ತಿಲ್ಲ" ಅಂದಳು. ಎಮ್ಮೆ ನಿಜಕ್ಕೂ ನೋಡುತ್ತಿತ್ತು.

ಮೊದಲ ಸಲ ಮೂಗಿನಿಂದ ಉಸಿರೆಳೆದು ಕೆಮ್ಮಿದೆ. ಎರಡನೇ ಸಲವೂ. ಆರನೇ ಸಲಕ್ಕೆ ಕೊಳವೆಯಲ್ಲಿ ನನ್ನದೇ ಉಸಿರು ಕೇಳಿಸಿತು, ದೊಡ್ಡದಾಗಿ, ನಿಧಾನವಾಗಿ. ಅಷ್ಟು ದೊಡ್ಡ ಸದ್ದನ್ನು ನಾನು ಎಂದೂ ಮಾಡಿರಲಿಲ್ಲ.

ನವೆಂಬರ್ 2, ಭಾನುವಾರ

ಒಂದು ಗೇಣು. ನಿದ್ದೆ ಬರುತ್ತಿಲ್ಲ ಎಂದು ಅತ್ತೆಗೆ ಹೇಳಿದರೆ ಹಾಲು ಕೊಟ್ಟರು. ಬಿಳಿ ನೀರೇ ಕಂಡಿತು. ಕುಡಿಯಲಿಲ್ಲ.

ನೀರಿಗಿಂತ ಹೆಚ್ಚು ಹೆದರಿಕೆ ಇನ್ನೊಂದು. ಹೆಸರು ಇಲ್ಲದಿದ್ದರೆ? ಸೋನಾಬಾಯಿಗೆ ಅದನ್ನು ಹೇಳಬೇಕಾದವಳೂ ನಾನೇ.

ನವೆಂಬರ್ 3, ಸೋಮವಾರ. ಮಧ್ಯಾಹ್ನ 12

ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಈಗಲೇ ಬರೆಯಬೇಕು.

ಒಂಬತ್ತಕ್ಕೆ ಬಾಬುಸಾಬ ಉಳಿ, ಸುತ್ತಿಗೆ ಹಿಡಿದು ಬಂದ. ಮಾವ, ಅತ್ತೆ, ಸೋನಾಬಾಯಿ ಮೆಟ್ಟಿಲ ಮೇಲೆ. ನನ್ನ ಚೂಡಿದಾರಕ್ಕೆ ಪೂನಮ ಸೊಂಟದಲ್ಲಿ ಹಗ್ಗ ಬಿಗಿದಳು. "ಬೆನ್ನಮ್ಯಾಲ ಒಮ್ಮೆ ತಟ್ಟಿದ್ರ ಎಲ್ಲಾ ಬರೋಬರ್ ಐತಂತ. ಎರಡ ಸಲ ತಟ್ಟಿದ್ರ ಏಳೂದು." ಅಷ್ಟೇ ಪಾಠ.

ತಲೆ ಮುಳುಗಿತು. ಎಲ್ಲ ಬಿಳಿ. ನನ್ನ ಕೈಯೇ ಕಾಣದು. ಕೊಳವೆ ಕಚ್ಚಿ ಹಿಡಿದೆ. ಬೆನ್ನ ಮೇಲೆ ಒಮ್ಮೆ ತಟ್ಟಿದ್ದು. ಉಸಿರು ಬಂತು. ಕಲ್ಲು ಹತ್ತಿರವಾಗುತ್ತ ಬಿಳಿಯೊಳಗಿಂದ ಒಂದು ಅಕ್ಷರ, ನನ್ನ ಮೂಗಿನಷ್ಟು ಹತ್ತಿರ. ಗು.

ಮೇಲಿನ ಸಾಲು ಕೊಳವೆಯ ಉಸಿರಿನಲ್ಲೇ ಓದಿದೆ, ಬೆರಳಿನಿಂದ ಸವರುತ್ತ. ಗುರುಸಂಗಪ್ಪ ಕಟ್ಟಿಸಿದ ಬಾವಿ. ಎದ್ದು ಹೇಳಿದೆ. ಮಾವ ಮೀಸೆ ತೀಡಿದರು. ಸೋನಾಬಾಯಿ ನನ್ನನ್ನಲ್ಲ, ನೀರನ್ನು ನೋಡುತ್ತಿದ್ದಳು.

ಕೆಳಗಿನ ಸಾಲಿಗೆ ಕೊಳವೆ ಮುಟ್ಟದು. ಉಸಿರು ಹಿಡಿದೇ ಹೋಗಬೇಕು.

"ನಾಕ ಅಕ್ಷರ ಓದರಿ, ಏಳ್ರಿ. ಮತ್ತ ನಾಕ. ಅಲ್ಲೇನ ಓಡಿ ಹೋಗತಾವ?"

ಮೊದಲ ಮುಳುಗು: ನೀರ ಕಂ. ಎರಡನೆಯದು: ಡಾಕಿ.

ನೀರ ಕಂಡಾಕಿ. ನೀರು ಎಲ್ಲಿದೆ ಎಂದು ಗುರುತಿಸಿದವಳು. ಯಾರು? ಎದ್ದಾಗ ಯಾರಿಗೂ ಹೇಳಲಿಲ್ಲ. ಪೂನಮಳ ಕೈ ಸೊಂಟದಲ್ಲಿ ಗೋಡೆಯಂತಿತ್ತು. ಎಂಟು ದಿನ ಕಾದವಳು, ಏನು ಸಿಕ್ಕಿತೆಂದು ಒಮ್ಮೆಯೂ ಕೇಳಲಿಲ್ಲ.

ಮೂರನೆಯ ಮುಳುಗು. ಮೊದಲು ಏನೂ ಇಲ್ಲ, ನುಣ್ಣನೆ ಕಲ್ಲು. ಮುಗಿಯಿತು ಅಂದುಕೊಂಡೆ. ಬೆರಳು ಇನ್ನಷ್ಟು ಬಲಕ್ಕೆ ಸರಿಸಿದೆ. ಹು. ಲಿ. ಬೆನ್ನ ಮೇಲೆ ಎರಡು ಸಲ ತಟ್ಟಿದ್ದು, ಏಳಲಿಲ್ಲ. ಗೆ. ಮತ್ತೆ ತಟ್ಟಿದ್ದು, ಜೋರಾಗಿ. ವ್ವ.

ನೀರಿನಿಂದ ಎದ್ದು ಕೂಗಿದೆ. ಹೌದು, ನಾನು, ಕೂಗಿದೆ. ಬಾವಿ ಅದನ್ನು ಇನ್ನೊಮ್ಮೆ ಕೂಗಿತು.

"ನೀರ ಕಂಡಾಕಿ ಹುಲಿಗೆವ್ವ!"

ಸೋನಾಬಾಯಿ ನಕ್ಕಳು, ಹಲ್ಲಿಲ್ಲದ ಬಾಯಿ ತುಂಬ. "ತೋಡಿದಾಕಿ ಅಂತ ಇಷ್ಟ ದಿನಾ ಕಡಿಮಿ ಹೇಳಿನಲ್ಲೋ ಯಪ್ಪಾ! ತೋಡವ್ರು ಸಾವಿರ ಮಂದಿ ಸಿಗತಾರ. ಇನ್ನೊಮ್ಮೆ ಓದವ್ವಾ."

ನಾಲ್ಕು ಸಲ ಓದಿದೆ. ಪ್ರತಿ ಸಲ ಜೋರಾಗಿ.

ಪೂನಮ ಮುಖವಾಡ ತೆಗೆಯದೆ ನೀರಿನಲ್ಲೇ ನಿಂತಿದ್ದಳು. ಗಾಜಿನೊಳಗೆ ಮಂಜು ಕಟ್ಟಿತ್ತು.

ಮಾವ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಸೋನಾಬಾಯಿಯ ಪಕ್ಕ, ಅದೇ ಮೆಟ್ಟಿಲಿನಲ್ಲಿ ಕೂತರು. "ನಾ ಮಾತ ಕೊಟ್ಟೇನಿ" ಅಂದರು, ಯಾರದೋ ಜಗಳಕ್ಕೆ ಉತ್ತರ ಕೊಟ್ಟಂತೆ.

ಬಾಬುಸಾಬ ಹೊಸ ಫಲಕದ ಕಲ್ಲಿಗೆ ನೀರು ಚಿಮುಕಿಸಿ ಸೀಮೆಸುಣ್ಣ ಚಾಚಿದ. "ಮ್ಯಾಲ ಯಾರ ಹೆಸರ ಬರಬೇಕ್ರಿ? ಮೊದಲ ಕಟ್ಟಿಸಿದವರದೋ, ನೀರ ಕಂಡವರದೋ?"

ಮಾವ ನನ್ನ ಕಡೆ ನೋಡಿದರು. "ಸಾಲ ಬರಿಯಾಕಿ ಆಕಿ. ಆಕಿನ್ನ ಕೇಳು."

ಕಟ್ಟಿಸುವ ಮೊದಲು ನೀರು ಕಾಣಬೇಕಲ್ಲವೇ ಮಾವಾ, ಅಂದೆ. ಎಲ್ಲರ ಎದುರಿಗೆ. ಅವರು ಬಾಬುಸಾಬನ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು ನನ್ನ ಒದ್ದೆ ಕೈಯಲ್ಲಿಟ್ಟರು. ಕಲ್ಲಿನ ಮುಂದೆ ಮೊಣಕಾಲೂರಿ, ಮೇಲಿನ ಸಾಲಿನಲ್ಲಿ ಬರೆಯತೊಡಗಿದೆ — ನೀರ