ಹದಿನೇಳನೇ ಮಗ್ಗದ ಹಸಿರು ಕಾರ್ಡು

9-7-2003, ಬುಧವಾರ. ಬೆಳಿಗ್ಗೆ 8.10, ಹಾನಗಲ್ ಕ್ರಾಸ್

ಟೆಂಪೋ ಇನ್ನೂ ಬಂದಿಲ್ಲ. ಚಳ್ಳಕೆರೆಯಿಂದ ತಂದ ಬಸ್ಸು ನನ್ನನ್ನು ಇಲ್ಲಿ ಇಳಿಸಿ ರಾಂಪುರದ ದಾರಿ ಹಿಡಿಯಿತು. ತೊಡೆಯ ಮೇಲೆ ಹದಿನಾಲ್ಕು ಫೈಲು. ಎಲ್ಲಕ್ಕೂ ನಿನ್ನೆಯೇ ನಂಬರ್ ಹಾಕಿ ಮುಗಿಸಿದ್ದೆ. ಐಎಸ್‌ಒ ಸರ್ಟಿಫಿಕೇಟಿಗೆಂದು ಸಂಘ ಗೊತ್ತುಮಾಡಿದ ಕನ್ಸಲ್ಟೆಂಟ್ ಫೋನ್ ಮಾಡಿ ನಂಬರ್ ಪದ್ಧತಿಯೇ ತಪ್ಪು ಅಂದ. ಮತ್ತೆ ಮೊದಲಿಂದ...

ಎಣ್ಣೆ ಮಿಲ್ಲಿನಲ್ಲಿ ಎಂಟು ವರ್ಷ ಟಿನ್ನಿಗೆ ಲೇಬಲ್ ಅಂಟಿಸಿದವನು ನಾನು. ಮಿಲ್ಲು ಮುಚ್ಚಿತು. ಈಗ ಮೊಳಕಾಲ್ಮೂರಿನ ನೇಕಾರರ ಸಂಘದಲ್ಲಿ ಕ್ವಾಲಿಟಿ ಇನ್‌ಚಾರ್ಜ್. ರೇಷ್ಮೆ ಗೊತ್ತಿಲ್ಲ. ತೆಲುಗು ಗೊತ್ತಿಲ್ಲ. ಲೇಬಲ್ ಗೊತ್ತು. ಅಷ್ಟು ಸಾಕು ಅಂದರು, ಸೇರಿದೆ.

ಸಂಜೆ 4

ಅಧ್ಯಕ್ಷ ವೆಂಕಟಪ್ಪ ಆಗಲೇ ಬೋರ್ಡು ಬರೆಸಿಬಿಟ್ಟಿದ್ದಾರೆ. ‘ಐಎಸ್‌ಒ 9001:2000 ಪ್ರಮಾಣಿತ ಸಂಘ’. ಆಡಿಟ್ ಇರುವುದು ಆಗಸ್ಟ್ ಕೊನೆಗೆ! ತಲೆ ಚಚ್ಚಿಕೊಳ್ಳುವಂತಾಯಿತು.

“ಲೇ ರಾಜು, ಬರೋದು ಗ್ಯಾರಂಟಿ ಐತೆ ಅಂದ್ಮೇಲೆ ಬರೆಸಿದ್ರೆ ಏನಾಗ್ತೈತಲೇ?”

ಗೋಣಿಚೀಲ ಕಟ್ಟಿ ಮುಚ್ಚಿಸಿದೆ. ಅವರ ಆತುರವೂ ಅರ್ಥವಾಗುತ್ತದೆ. ಸರ್ಟಿಫಿಕೇಟ್ ಬಂದರೆ ಬೆಂಗಳೂರಿನ ಎಕ್ಸ್‌ಪೋರ್ಟ್ ಕಂಪನಿ ವರ್ಷವಿಡೀ ಸೀರೆ ಎತ್ತುತ್ತದೆ. ಮೂವತ್ತೆರಡು ಮನೆ, ಮೂವತ್ತೆರಡು ಮಗ್ಗ. ಬರದಿದ್ದರೆ ಆಷಾಢ ಬಂದಾಗಲೆಲ್ಲ ಕೈಕಟ್ಟಿ ಕೂರುವುದೇ.

16-7-2003

ಇವತ್ತೊಂದು ದಿನ ಖುಷಿಯಾಯಿತು, ಬರೆದಿಡಬೇಕು.

ಮೂರು ಸೀರೆ ವಾಪಸ್ ಬಂದಿವೆ. ಕೆಂಪು ಬಣ್ಣ ಬಿಟ್ಟಿದೆ. ಒಂದು ನೇಕಾರ ಶಿವರಾಮನದು. ಹಿಂದೆಲ್ಲ ಹೀಗಾದರೆ ತಪ್ಪು ನೇಯ್ದವನ ತಲೆಗೇ. ಒದ್ದೆ ಕೈಯಲ್ಲಿ ಮುಟ್ಟಿದೆ, ನೀರು ಚೆಲ್ಲಿದೆ — ಏನೋ ಒಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದರು. ಈ ಸಲ ಲಾಟ್ ಪುಸ್ತಕ ತೆಗೆದೆ. ಮೂರು ಸೀರೆ, ಮೂರು ಬೇರೆ ಬೇರೆ ಮಗ್ಗ, ಆದರೆ ನೂಲು ಒಂದೇ ಲಾಟ್ — ಆರನೇದು. ಬಣ್ಣ ಹಾಕುವವನು ಪುಸ್ತಕ ನೋಡಿದ, ತಲೆ ತಗ್ಗಿಸಿದ, ಕುದಿ ಸಾಲದಾಯಿತು ಎಂದು ಒಪ್ಪಿಕೊಂಡ.

ಶಿವರಾಮ ಹೊರಗೆ ಬಂದು ನನ್ನ ಕೈ ಹಿಡಿದ. “ಸಾರ್, ನಿಮ್ ಪುಸ್ತಕ ನನ್ನ ಮಾನ ಉಳಿಸ್ತು.”

ನನ್ನ ಪುಸ್ತಕವಲ್ಲ, ಸ್ಟ್ಯಾಂಡರ್ಡ್‌ನ ಪುಸ್ತಕ. ಆದರೂ ಎದೆ ಉಬ್ಬಿತು. ಕನ್ಸಲ್ಟೆಂಟ್ ಹೇಳುತ್ತಲೇ ಇರುತ್ತಾನೆ — ಮಾಡುವುದನ್ನು ಬರೆಯಿರಿ, ಬರೆದದ್ದನ್ನು ಮಾಡಿರಿ. ಗಿಳಿಪಾಠ ಅಂದುಕೊಂಡಿದ್ದೆ. ಅಲ್ಲ.

23-7-2003

ಮಗ್ಗ ನಂಬರ್ 17. ದ್ಯಾಮಮ್ಮ. ಸಾಕಾಗಿ ಹೋಯಿತು ಈಕೆಯಿಂದ.

ಅರವತ್ತು ದಾಟಿದ ಹೆಂಗಸು. ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ, ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ನೇಯ್ಗೆಗೆ ಇಲ್ಲಿ ಕುಟ್ಟು ಅನ್ನುತ್ತಾರೆ. ಈಕೆಯಷ್ಟು ಚೊಕ್ಕವಾಗಿ ಅದನ್ನು ಹಾಕುವವರು ಸಂಘದಲ್ಲಿಲ್ಲ. ಸೊಸೆ ಲಕ್ಷ್ಮಕ್ಕ ಪಕ್ಕದಲ್ಲಿ ಕೂತು ಆಚೆ ಅಂಚಿನ ಮೂರನೇ ಲಾಳಿ ಎಸೆಯುತ್ತಾಳೆ. ಎಲ್ಲ ಸರಿ. ಆದರೆ ಎಳೆ ಕಡಿದದ್ದನ್ನು ರಿಜಿಸ್ಟರಿನಲ್ಲಿ ಬರೆಯಿರಿ ಎಂದು ಮೂರು ವಾರದಿಂದ ಹೇಳುತ್ತಿದ್ದೇನೆ. ಖಾಲಿ. ಒಂದು ಗೀಟೂ ಇಲ್ಲ.

“ಕಡಿದಿದ್ದು ಬೆರಳಿಗೆ ಗೊತ್ತಾಗ್ತೈತೆ ಸಾಮಿ. ಅಲ್ಲೇ ಗಂಟು ಹಾಕ್ತೀನಿ. ಬರೆಯಾಕೆ ಏನೈತೆ?”

“ಬೆರಳನ್ನ ಆಡಿಟರ್‌ಗೆ ತೋರಿಸೋಕಾಗಲ್ಲ ರೀ!”

ಆಕೆ ತೆಲುಗಿನಲ್ಲಿ ಏನೋ ಗೊಣಗಿದಳು. ಲಕ್ಷ್ಮಕ್ಕ ನಕ್ಕಳು. ನನಗೆ ಪಿತ್ತ ನೆತ್ತಿಗೇರಿತು. ಬೀದಿಗೆ ಕೇಳುವ ಹಾಗೆ ಕೂಗಾಡಿದೆ. “ಬರೆಯೋಕಾಗಲ್ಲ ಅಂದ್ರೆ ನಿಮ್ಮಂಥೋರ ಕೈಲಿ ಸಂಘದ ಕೆಲಸ ಆಗಲ್ಲ, ಬಿಡ್ರಿ!”

ಸ್ವಲ್ಪ ಜಾಸ್ತಿಯಾಯಿತು. ಇರಲಿ. ಹೇಳಲೇಬೇಕಿತ್ತು.

24-7-2003

ಪ್ರತಿ ಮಗ್ಗಕ್ಕೂ ಅದರ ಸ್ಥಿತಿ ತೋರಿಸುವ ಕಾರ್ಡು ಇರಬೇಕಂತೆ. ಇಂಗ್ಲಿಷಿನಲ್ಲಿ ಬೇಡ, ಕನ್ನಡದಲ್ಲೇ ಇರಲಿ ಎಂದು ನಾನೇ ಹಟ ಹಿಡಿದೆ. ಮಿಲ್ಲಿನ ಸ್ವಿಚ್ ಬೋರ್ಡಿನ ಮೇಲೆ ಎರಡು ಮಾತಿದ್ದವು — ಚಾಲು, ಬಂದ್. ಅದಕ್ಕಿಂತ ಸುಲಭ ಯಾವುದು? ನಡೆಯುತ್ತಿರುವ ಮಗ್ಗಕ್ಕೆ ಹಸಿರು ಕಾರ್ಡು: ಚಾಲು. ನಿಂತ ಮಗ್ಗಕ್ಕೆ ಕೆಂಪು: ಬಂದ್. ಮೂವತ್ತೆರಡು ಹಸಿರು ಕಾರ್ಡನ್ನೂ ನನ್ನ ಕೈಯಾರೆ ಬರೆದೆ. ದುಂಡನೆ ಅಕ್ಷರ.

ಮನೆ ಮನೆಗೆ ಹೋಗಿ ನೇತುಹಾಕಿದೆ. ಶಿವರಾಮ ಓದಿ ಕಿಸಕ್ಕನೆ ನಕ್ಕ. “ಚಾಲಾ ಸಾರ್? ಇಂಕಾ ಕಾವಾಲಾ?” ಅಂದ. ಏನೋ ತೆಲುಗಿನ ತಮಾಷೆ. ಕೇಳಲು ಪುರುಸೊತ್ತಿರಲಿಲ್ಲ.

ದ್ಯಾಮಮ್ಮ ಮನೆಯಲ್ಲಿರಲಿಲ್ಲ, ನಲ್ಲಿಗೆ ಹೋಗಿದ್ದಳಂತೆ. ಒಳ್ಳೆಯದೇ ಆಯಿತು, ಮುಖ ನೋಡುವುದು ತಪ್ಪಿತು. ಮಗ್ಗದ ಅಡ್ಡಮರಕ್ಕೆ ಮೊಳೆ ಹೊಡೆದು ಕಾರ್ಡು ಸಿಕ್ಕಿಸಿ ಬಂದೆ.

29-7-2003

17ರ ಸೀರೆ ಬಂತು. ಬಿಚ್ಚಿ ಬೆಳಕಿಗೆ ಹಿಡಿದೆ. ಎರಡು ಸಲ ನೋಡಿದೆ. ಒಂದು ಕಡಿದ ಎಳೆ ಇಲ್ಲ, ಒಂದು ಗಂಟು ಇಲ್ಲ, ಅಂಚು ಮೈಗೆ ಸೇರಿದ ಜಾಗ ಬೆರಳಿಗೂ ಸಿಗುವುದಿಲ್ಲ. ಇಂಥ ಸೀರೆ ನಾನು ಬಂದ ಮೇಲೆ ನೋಡಿಲ್ಲ. ‘ಪಾಸ್’ ಮೊಹರು ಒತ್ತಿದೆ.

ನೋಡು — ಬೈದರೆ ಕೆಲಸ ಆಗುತ್ತದೆ.

ನಾಳೆಯಿಂದ ದಾವಣಗೆರೆ. ಇಂಟರ್ನಲ್ ಆಡಿಟರ್ ಟ್ರೈನಿಂಗ್.

11-8-2003, ಸೋಮವಾರ

ವಾಪಸ್. ಟ್ರೈನಿಂಗ್ ಮುಗಿಯಿತು, ಸರ್ಟಿಫಿಕೇಟೂ ಕೊಟ್ಟರು. ಬಂದು ಪ್ರೊಡಕ್ಷನ್ ರಿಜಿಸ್ಟರ್ ತೆರೆದರೆ ಮಗ್ಗ 17 ಮೂವತ್ತನೇ ತಾರೀಕಿನಿಂದ ಖಾಲಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ದಿನ ಬಿಡೋಣ. ಹನ್ನೆರಡು ದಿನವಾ? ಕಂಪನಿಗೆ ಕುಟ್ಟು ಅಂಚಿನ ಆರು ಸೀರೆ ಸ್ಯಾಂಪಲ್ ಹೋಗಬೇಕು, ಇನ್ನೂ ಒಂದೇ ಕೈಗೆ ಬಂದಿರುವುದು!

ಬೈದದ್ದಕ್ಕೆ ಮುನಿಸು. ಬೇರೇನಲ್ಲ. ಅವಳ ಹೆಸರಿನಲ್ಲೇ ತಪ್ಪಿನ ಫಾರಂ ತುಂಬಿದೆ. ನಾನ್-ಕನ್ಫರ್ಮಿಟಿ, ನಂಬರ್ 9. ನಾಳೆ ಬೆಳಿಗ್ಗೆ ನಾನೇ ಹೋಗಿ ಸಹಿ ಹಾಕಿಸುತ್ತೇನೆ.

12-8-2003

ಹೇಗೆ ಬರೆಯಲಿ?

ಮಗ್ಗದ ಗುಂಡಿಯ ಮೇಲೆ ಹಲಗೆ ಮುಚ್ಚಿದೆ. ಹಲಗೆಯ ಮೇಲೆ ಕೂತು ದ್ಯಾಮಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು. ಒಂದೊಂದೇ ಎಳೆ ಪೋಣಿಸುವ ಬಾಚಣಿಗೆಯಂಥ ಅಚ್ಚನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿಯಾಗಿದೆ. ನನ್ನ ಹಸಿರು ಕಾರ್ಡು ದೇವರ ಪಟದ ಪಕ್ಕದಲ್ಲಿ.

“ಯಾಕ್ರಿ ಮಗ್ಗ ನಿಲ್ಸಿದ್ದು?” ಎಂದು ಏರುದನಿಯಲ್ಲೇ ಶುರುಮಾಡಿದೆ.

ಆಕೆ ಕಾರ್ಡಿನ ಕಡೆ ನೋಡಿದಳು. “ಮೀರೇ ಕದಾ ರಾಸಿಂದಿ. ನೀವೇ ಬರೆದು ತೂಗಾಕಿದ್ರಲ್ಲ ಸಾಮಿ. ಚಾಲು ಅಂತ.”

“ಹೌದು. ಚಾಲು. ಮಗ್ಗ ನಡೀತೈತೆ ಅಂತ!”

ಒಳಗಿಂದ ಲಕ್ಷ್ಮಕ್ಕ ಬಂದು ಬಾಗಿಲಲ್ಲಿ ನಿಂತಳು. ಮೆಲ್ಲಗೆ ಹೇಳಿದಳು. “ನಮ್ ತೆಲುಗಲ್ಲಿ ಚಾಲು ಅಂದ್ರೆ ಸಾಕು ಅಂತ ಸಾರ್.”

ಸಾಕು.

ಕಾರ್ಡು ಹಾಕುವ ಹಿಂದಿನ ದಿನ ಬೀದಿಗೆ ಕೇಳುವ ಹಾಗೆ ನಿಮ್ಮ ಕೈಲಿ ಆಗಲ್ಲ ಬಿಡ್ರಿ ಎಂದು ಕೂಗಿದ್ದೇನೆ. ಮರುದಿನ ಆಕೆ ಇಲ್ಲದ ಹೊತ್ತಿನಲ್ಲಿ ಮೊಳೆ ಹೊಡೆದು ‘ಸಾಕು’ ಎಂದು ನೇತುಹಾಕಿ ಬಂದಿದ್ದೇನೆ. ಸಾಕ್ಷರತೆ ಕ್ಲಾಸಿನಲ್ಲಿ ವಯಸ್ಸಾದ ಮೇಲೆ ಅಕ್ಷರ ಕಲಿತ ಹೆಂಗಸು. ಕೂಡಿಸಿ ಕೂಡಿಸಿ ಓದಿದ್ದಾಳೆ. ಸೊಸೆ ‘ಕೇಳಾನ ಅತ್ತೆ’ ಅಂದರೆ, ಏನು ಕೇಳೋದೈತೆ ಎಂದಳಂತೆ.

“ಅರ್ಧ ಸೀರೆ ಬಿಡಬಾರ್ದು ಅಂತ ಮುಗಿಸಿಕೊಟ್ಟೆ. ಆಮ್ಯಾಲೆ ಎಳೆ ಎಲ್ಲಾ ಕೊಯ್ದೆ,” ಅಂದಳು. “ಮಗ್ಗಕ್ಕೆ ಕೂತು ನಲವತ್ತೆರಡು ವರ್ಷ ಆತು ಸಾಮಿ. ಬಾಯಲ್ಲಿ ಒಂದ್ ಮಾತು ಹೇಳಿದ್ರೆ ಆಗ್ತಿರಲಿಲ್ವಾ?”

ಸಿಟ್ಟಿರಲಿಲ್ಲ ಮಾತಿನಲ್ಲಿ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ನಾಚಿಕೆಯಿಂದ ನೆಲ ನೋಡಿದೆ. ಜೇಬಿನಲ್ಲಿದ್ದ ಫಾರಂ ತೆಗೆಯಲಿಲ್ಲ.

13-8-2003

ಮಗ್ಗಕ್ಕೆ ಮತ್ತೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಏರಿಸೋಣ, ನಾನೇ ಆಳು ಕೊಡಿಸುತ್ತೇನೆ ಎಂದೆ. ಶಿವರಾಮ ನನ್ನನ್ನು ಹೊರಗೆ ಕರೆದ. “ಆಗಲ್ಲ ಸಾರ್. ಆ ಅಚ್ಚು ಅವ್ರ ಯಜಮಾನ್ರು ತುಂಬಿದ್ದು. ಅವ್ರು ಸತ್ತು ಹತ್ತೊಂಬತ್ತು ವರ್ಷ ಆತು. ಆವತ್ತಿಂದ ಹಳೇ ಹಾಸಿನ ತುದಿಗೆ ಹೊಸ ಹಾಸು ಗಂಟು ಹಾಕ್ಕೊಂಡೇ ಬಂದವ್ರೆ. ಒಂದ್ ಸಲಾನೂ ಕಡಿದಿಲ್ಲ. ಈಗ ಅಚ್ಚಿಂದ ಎಲ್ಲಾ ಎಳೆನೂ ಎಳೆದುಬಿಟ್ಟವ್ರೆ. ಮೊದ್ಲಿಂದ ತುಂಬೋಕೆ ಅವ್ರ ಕಣ್ಣು ಎಲ್ಲೈತೆ? ನಾವ್ ತುಂಬ್ಕೊಡ್ತೀವಿ ಅಂದ್ರೂ ಬ್ಯಾಡ ಅಂದ್ರು.”

“ಕಾರ್ಡ್ ನೋಡಿ ಆವತ್ತು ‘ಸಾಕಾ, ಇನ್ನೂ ಬೇಕಾ’ ಅಂತ ತೆಲುಗಲ್ಲಿ ನಕ್ಕೆಯಲ್ಲ, ಆಗಲೇ ಹೇಳೋಕೇನಾಗಿತ್ತು?” ಎಂದು ಅವನ ಮೇಲೆ ಹರಿಹಾಯ್ದೆ.

“ತಮಾಷೆ ಅನ್ಕೊಂಡೆ ಸಾರ್. ನೀವೂ ಕೇಳ್ಲಿಲ್ಲ.”

ಕೇಳಲಿಲ್ಲ. ನಿಜ.

ಕನ್ಸಲ್ಟೆಂಟ್ ಫೋನಿನಲ್ಲಿ: “ಮಗ್ಗ 17 ‘ರಿಪೇರಿಯಲ್ಲಿದೆ’ ಅಂತ ಬರೆದುಬಿಡಿ. ಆಡಿಟರ್ ಕೇಳಿದ್ರೆ ಬಡಗಿ ಬಂದಿಲ್ಲ ಅನ್ನಿ.” ವೆಂಕಟಪ್ಪನವರದೂ ಅದೇ ಮಾತು. “ಒಂದ್ ಮಗ್ಗಕ್ಕೆ ಮೂವತ್ತೊಂದು ಮಗ್ಗ ಹಾಳ್ಮಾಡ್ತೀಯೇನಲೇ?”

ಮಾಡುವುದನ್ನು ಬರೆಯಿರಿ ಅಂದವನು ಇವನೇ ಅಲ್ಲವೇ?

27-8-2003

ಫಾರಂ ನಂಬರ್ 9 ಹರಿದೆ. ಅದೇ ನಂಬರಿಗೆ ಹೊಸದು ಬರೆದೆ. ತಪ್ಪು ಮಾಡಿದವರು: ಹನುಮಂತರಾಜು, ಕ್ವಾಲಿಟಿ ಇನ್‌ಚಾರ್ಜ್. ನಡೆದದ್ದನ್ನೆಲ್ಲ ಬರೆದೆ. ಬೇರೆ ಮನೆಗಳ ಕಾರ್ಡು ಬದಲಿಸಿ ‘ನೇಯ್ಗೆ ನಡೆಯುತ್ತಿದೆ’ ಎಂದು ಹಾಕಿ, ಪ್ರತಿ ಮನೆಯಲ್ಲೂ ಓದಿಸಿ ಏನು ತಿಳಿಯಿತು ಎಂದು ಕೇಳಿದೆ. ಮೂವತ್ತೊಂದು ಮನೆ. ಎರಡು ದಿನ ಹಿಡಿಯಿತು.

ಜುಲೈನಲ್ಲಿ ಆ ಎರಡು ದಿನ ನನಗೆ ಸಿಗಲಿಲ್ಲ. ಫೈಲಿಗೆ ನಂಬರ್ ಹಾಕುತ್ತಿದ್ದೆ.

28-8-2003, ಆಡಿಟ್

ಪಾಸ್.

ಆಡಿಟರ್ ಲಾಟ್ ಪುಸ್ತಕ ನೋಡಿ ಮೆಚ್ಚಿದರು. ಆಮೇಲೆ ನಂಬರ್ 9 ತೆಗೆದರು. ಕನ್ಸಲ್ಟೆಂಟ್ ಮುಖ ಬಿಳಿಚಿಕೊಂಡಿತು. ಆಡಿಟರ್ ಓದಿ ಕನ್ನಡಕ ತೆಗೆದರು. “ಕಾರ್ಡ್ ಹಾಕುವಾಗ ಅರ್ಥ ಆಯ್ತಾ ಅಂತ ಯಾರೂ ಕೇಳ್ಲಿಲ್ವಾ?”

“ಇಲ್ಲ ಸರ್.”

ಸಣ್ಣ ತಪ್ಪು ಎಂದು ಗುರುತು ಹಾಕಿದರು. ಸರ್ಟಿಫಿಕೇಟಿಗೆ ಶಿಫಾರಸು ಮಾಡುತ್ತಾರೆ. ಮೂವತ್ತು ದಿನದೊಳಗೆ ಮಗ್ಗ 17ರ ಸ್ಥಿತಿ ಬರೆದು, ನೇಕಾರರ ಸಹಿಯೊಂದಿಗೆ ಕಳಿಸಬೇಕು. ಅಷ್ಟೇ.

ಸಣ್ಣ ತಪ್ಪು! ಅವರ ಪುಸ್ತಕದಲ್ಲಿ ಅದಕ್ಕೆ ಅಷ್ಟೇ ಜಾಗ.

ವೆಂಕಟಪ್ಪ ಗೋಣಿಚೀಲ ಕಿತ್ತೆಸೆದು ಬೋರ್ಡಿಗೆ ಹೂವಿನ ಹಾರ ಹಾಕಿದರು. ಕಂಪನಿಯವರೂ ಫೋನಿನಲ್ಲಿ ಸಲೀಸಾಗಿ ಹೇಳಿದರಂತೆ — ಕುಟ್ಟು ಇಲ್ಲದಿದ್ದರೂ ನಡೆಯುತ್ತದೆ, ಸಾದಾ ಅಂಚು ಕೊಡಿ, ಎಲ್ಲ ಒಂದೇ ಸಮ ಇದ್ದರಾಯಿತು. ಮೂವತ್ತೊಂದು ಮನೆಗೆ ವರ್ಷವಿಡೀ ಕೆಲಸ. ಸಂತೋಷಪಡಬೇಕು. ಪಟ್ಟೆ ಕೂಡ. ಆದರೆ ಕೈಗೆ ಕೊಟ್ಟ ಪೇಡೆಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ.

5-9-2003. ಬೆಳಿಗ್ಗೆ 11, ದ್ಯಾಮಮ್ಮನ ಮನೆ ಜಗಲಿ

ಫಾರಂ ಹಿಡಿದು ಬಂದಿದ್ದೇನೆ. ಸಹಿ ಹಾಕಿದ್ದಾಳೆ, ನಿಧಾನವಾಗಿ, ಮೂರು ಅಕ್ಷರ. ಇನ್ನು ಸ್ಥಿತಿಯ ಕಾಲಂ ಒಂದೇ ಬಾಕಿ.

‘ಬಂದ್’ ಎಂದು ಬರೆಯಲು ಹೋದೆ. ಕೈ ಅಡ್ಡ ಹಿಡಿದಳು. “ಅದ್ಯಾಕೆ? ನಾನೇನು ಬಾಗ್ಲು ಹಾಕ್ಕೊಂಡಿದೀನಾ?” ಎದ್ದು ಹೋಗಿ ದೇವರ ಪಟದ ಪಕ್ಕದಿಂದ ಹಸಿರು ಕಾರ್ಡು ತಂದಳು. “ಈ ಮಾತೇ ಬರ್ಕೊಳ್ರಿ. ನಿಮ್ಮೋರು ಓದಿದ್ರೆ ನಡೀತೈತೆ ಅನ್ಕೊಂತಾರೆ. ನಿಮಗೂ ತೊಂದ್ರಿಲ್ಲ. ನನ್ಗೆ ನಂದು ಗೊತ್ತೈತೆ.”

ನನ್ನನ್ನು ಉಳಿಸಲು ನೋಡುತ್ತಿದ್ದಾಳೆ. ಇದನ್ನು ತಡೆದುಕೊಳ್ಳುವುದೇ ಕಷ್ಟ. ಲಕ್ಷ್ಮಕ್ಕ ನೀರು ತಂದಿಟ್ಟಳು. ಆಕೆ ಹಲಗೆಯ ಮೇಲೆ ಕೂತು ಕಾಯಿ ಸುಲಿಯುತ್ತಿದ್ದಾಳೆ, ನನ್ನ ಪೆನ್ನಿನ ಕಡೆಯೇ ಕಣ್ಣು. ತಪ್ಪಿಲ್ಲದ ಹಾಗೆ ಬರೆಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಫಾರಂನಲ್ಲಿ.

ಮಗ್ಗ 17. ಸ್ಥಿತಿ: ಚಾಲು.

ಷರಾ: ಮೇಲಿನ ಪದವನ್ನು ತೆಲುಗಿನಲ್ಲಿ ಓದುವುದು.